ಲೆಕ್ಕಕ್ಕೆ ಸಿಗದ ಲೈನ್ ಮನೆಗಳು: ಆರೋಗ್ಯ ಸಚಿವರಿಗೆ ಕೊಡಗಿನ ನಿವೃತ್ತ ನರ್ಸ್ ಒಬ್ಬರ ಬಹಿರಂಗ ಪತ್ರ

ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು

ಮಾನ್ಯರೇ,

ನಾನು ದಕ್ಷಿಣ ಕೊಡಗಿನ ಆರೋಗ್ಯ ಉಪಕೇಂದ್ರಗಳಲ್ಲಿ ಮೂವತ್ತಾರು ವರ್ಷ ಎಎನ್‌ಎಂ (ಸಹಾಯಕ ನರ್ಸ್ ಹಾಗೂ ಸೂಲಗಿತ್ತಿ) ಆಗಿ ದುಡಿದು 2023ರಲ್ಲಿ ನಿವೃತ್ತಳಾದವಳು. ಎಸ್ಸೆಸ್ಸೆಲ್ಸಿ ಮುಗಿಸಿ, ಹದಿನೆಂಟು ತಿಂಗಳ ತರಬೇತಿ ಪಡೆದು ಕೆಲಸಕ್ಕೆ ಸೇರಿದಾಗ ನನ್ನ ಹುದ್ದೆಯ ಹೆಸರು ಕಿರಿಯ ಮಹಿಳಾ ಆರೋಗ್ಯ ಸಹಾಯಕಿ ಎಂದಿತ್ತು. ನಿವೃತ್ತಿಯ ಹೊತ್ತಿಗೆ ಅದು ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ ಎಂದಾಗಿತ್ತು. ಆದಿವಾಸಿಗಳ ಕೇರಿಗಳಾದ ಹಾಡಿಯವರಿಗೂ, ತೋಟದ ಕೂಲಿಗಳ ಸಾಲುಮನೆಗಳಾದ ಲೈನ್ ಮನೆಯವರಿಗೂ ನಾನು ಮೊದಲ ದಿನದಿಂದ ಕೊನೆಯ ದಿನದವರೆಗೆ ನರ್ಸಮ್ಮನೇ ಆಗಿದ್ದೆ. ಹೆಸರು ಬದಲಾದದ್ದರ ಬಗ್ಗೆ ನನಗೆ ತಕರಾರಿಲ್ಲ. ಆದರೆ ಹೆಸರಿನೊಂದಿಗೆ ಬದಲಾಗಬೇಕಿದ್ದ ಕೆಲವು ಸಂಗತಿಗಳು ಬದಲಾಗದೆ ಉಳಿದಿವೆ. ಅವುಗಳ ಬಗ್ಗೆ ತಮಗೆ ಬರೆಯುವುದು ನನ್ನ ಕರ್ತವ್ಯವೆಂದು ತಿಳಿದು ಈ ಪತ್ರ ಬರೆಯುತ್ತಿದ್ದೇನೆ. ನಿವೃತ್ತಿಯ ನಂತರವೇ ಏಕೆ ಬರೆಯುತ್ತಿದ್ದೀರಿ ಎಂದು ಯಾರಾದರೂ ಕೇಳಬಹುದು. ಸೇವೆಯಲ್ಲಿದ್ದಾಗ ಇಂಥ ಪತ್ರ ಬರೆಯುವ ಅವಕಾಶ ನಮಗಿರುವುದಿಲ್ಲ ಎನ್ನುವುದು ತಮಗೂ ಗೊತ್ತು.

ಈಚೆಗೆ ದಾದಿಯರ ದಿನಾಚರಣೆಯ ಒಂದು ಸಮಾರಂಭದಲ್ಲಿ ನಿವೃತ್ತರ ಸಾಲಿನಲ್ಲಿ ಕುಳಿತಿದ್ದೆ. ದೀಪ ಬೆಳಗಿಸಿದರು, ಫ್ಲಾರೆನ್ಸ್ ನೈಟಿಂಗೇಲರ ಚಿತ್ರಕ್ಕೆ ಹೂವು ಹಾಕಿದರು, ಬಳಿಕ ಅತಿಥಿಯೊಬ್ಬರು ಜಾಗತಿಕ ಆರೋಗ್ಯ ಸಮಾನತೆಯಲ್ಲಿ ಶುಶ್ರೂಷೆಯ ಪಾತ್ರ ಎಂಬ ವಿಷಯದ ಮೇಲೆ ಒಂದು ಗಂಟೆ ಚೆನ್ನಾಗಿಯೇ ಮಾತನಾಡಿದರು. ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಅವರು ಜಗತ್ತಿನ ನಕ್ಷೆಯನ್ನು ಪರದೆಯ ಮೇಲೆ ತೋರಿಸುತ್ತಿದ್ದಾಗ ನನಗೆ ನೆನಪಾಗುತ್ತಿದ್ದದ್ದು ಆರು ಬಾಗಿಲುಗಳ ಒಂದು ಲೈನ್ ಮನೆ.

ಅದು 2019ರ ಜನವರಿ ತಿಂಗಳು. ಅರೇಬಿಕಾ ಕೊಯ್ಲು ಮುಗಿದು ರೋಬಸ್ಟಾ ಶುರುವಾಗಿತ್ತು. ನನ್ನ ವ್ಯಾಪ್ತಿಯ ಒಂದು ತೋಟಕ್ಕೆ ಲಸಿಕೆಯ ಪೆಟ್ಟಿಗೆ ಹಿಡಿದು ಹೋದಾಗ ಮೇಸ್ತ್ರಿಯು, ಹೊಸಬರು ಬಂದಿದ್ದಾರೆ, ಮಕ್ಕಳು ಇಬ್ಬರಿದ್ದಾರೆ, ಬಸುರಿಯರು ಯಾರೂ ಇಲ್ಲ ಸಿಸ್ಟರ್ ಎಂದ. ಅವನು ಸುಳ್ಳು ಹೇಳಿದನೆಂದು ನಾನು ಹೇಳುವುದಿಲ್ಲ; ಅವನಿಗೆ ಬೇಕಾಗಿದ್ದದ್ದು ಕೈಗಳ ಲೆಕ್ಕ, ಆ ಲೆಕ್ಕ ಅವನ ಬಳಿ ಸರಿಯಾಗಿಯೇ ಇತ್ತು. ನಲ್ಲಿಯ ಹತ್ತಿರ ಪಾತ್ರೆ ತೊಳೆಯುತ್ತಿದ್ದ ಹುಡುಗಿಯೊಬ್ಬಳ ಪಾದಗಳು ಊದಿಕೊಂಡಿದ್ದುದು ನನ್ನ ಕಣ್ಣಿಗೆ ಬಿತ್ತು. ಶಾಲು ಸರಿಸಿ ನೋಡಿದರೆ ಎಂಟು ತಿಂಗಳು ತುಂಬುತ್ತಿರುವ ಹೊಟ್ಟೆ. ಬಿಪಿ ನೋಡಿದಾಗ 160ರ ಮೇಲೆ 110 ಇತ್ತು. ತಲೆನೋವಿದೆಯೇ ಎಂದು ಕೇಳಲು ನನಗೆ ಅವಳ ಭಾಷೆ ಬಾರದು, ಅವಳಿಗೆ ನನ್ನದು ಬಾರದು. ಹಣೆ ಮುಟ್ಟಿ ತೋರಿಸಿದೆ, ಅವಳು ತಲೆಯಾಡಿಸಿದಳು. ಅಸ್ಸಾಮಿನಿಂದ ಬಂದವಳು. ಇಲ್ಲಿಗೆ ಬರುವ ಮೊದಲು ಚಿಕ್ಕಮಗಳೂರಿನ ಒಂದು ತೋಟದಲ್ಲಿದ್ದಳಂತೆ. ಬಸುರಿಯರ ತಪಾಸಣೆ ಬರೆದಿಡುವ ತಾಯಿ ಕಾರ್ಡ್ ಇರಲಿಲ್ಲ, ಒಂದು ಕಬ್ಬಿಣದ ಮಾತ್ರೆಯೂ ಅವಳ ಕೈಗೆ ಬಿದ್ದಿರಲಿಲ್ಲ.

108ಕ್ಕೆ ಫೋನ್ ಮಾಡಲು ಸಿಗ್ನಲ್ ಸಿಗುವ ದಿಬ್ಬದವರೆಗೆ ಓಡಿದೆ. ತಾಲ್ಲೂಕು ಆಸ್ಪತ್ರೆಯಲ್ಲಿ ಚುಚ್ಚುಮದ್ದು ಕೊಟ್ಟು ಮೈಸೂರಿಗೆ ಬರೆದುಕೊಟ್ಟರು. ಕೊಡಗಿನವರಿಗೆ ಈ 'ಮೈಸೂರಿಗೆ ಬರೆದುಕೊಟ್ಟರು' ಎಂಬ ಮಾತಿನ ಭಾರ ವಿವರಿಸಬೇಕಾಗಿಲ್ಲ. ರೈಲಿಲ್ಲದ ಜಿಲ್ಲೆ ನಮ್ಮದು; ಮಡಿಕೇರಿಯಿಂದ ಮೈಸೂರು ಸುಮಾರು 120 ಕಿಲೋಮೀಟರ್, ಮಂಗಳೂರು ಅದಕ್ಕಿಂತಲೂ ದೂರ, ಅದೂ ಘಾಟಿ ಇಳಿದು. ಮಡಿಕೇರಿಯಲ್ಲಿ 2016ರಿಂದ ಸರ್ಕಾರಿ ವೈದ್ಯಕೀಯ ಕಾಲೇಜು ನಡೆಯುತ್ತಿದೆ, ಅದರಿಂದ ಬಹಳ ಉಪಕಾರವಾಗಿದೆ. ಆದರೂ ಆಂಬುಲೆನ್ಸಿನ ಹಿಂದೆ ಸಾಲ ಮಾಡಿ ಟ್ಯಾಕ್ಸಿ ಹಿಡಿಯುವುದು ಇನ್ನೂ ನಿಂತಿಲ್ಲ. ಆ ಹುಡುಗಿ ಬದುಕಿದಳು. ಮಗು ಹುಟ್ಟುವಾಗಲೇ ಉಸಿರಿರಲಿಲ್ಲ.

ನಾನು ತಮಗೆ ಹೇಳಬೇಕೆಂದಿರುವುದು ಅದರ ನಂತರದ ಕಥೆ. ಹತ್ತು ದಿನ ನನಗೆ ಫೋನುಗಳು ಬಂದವು. ಈ ಸಾವನ್ನು ಯಾವ ಉಪಕೇಂದ್ರದ ಲೆಕ್ಕಕ್ಕೆ ಬರೆಯಬೇಕು ಎಂಬುದು ಪ್ರಶ್ನೆ. ನಮ್ಮ ರಿಜಿಸ್ಟರಿನಲ್ಲಿ ಅವಳ ಹೆಸರಿಲ್ಲ, ಆದ್ದರಿಂದ ನಮ್ಮದಲ್ಲ. ಚಿಕ್ಕಮಗಳೂರಿನಲ್ಲೂ ಹೆಸರಿಲ್ಲ, ಆದ್ದರಿಂದ ಅವರದೂ ಅಲ್ಲ. ಖಾಯಂ ವಿಳಾಸ ಅಸ್ಸಾಮಿನದು. ಮೇಲಿನ ಕಚೇರಿಯೊಂದರಲ್ಲಿ ಕುಳಿತಿದ್ದವರೊಬ್ಬರು, ನೀವು ಸುಮ್ಮನೆ ಏಕೆ ಹಾಕಿಕೊಳ್ಳುತ್ತೀರಿ, ನಮ್ಮ ಅಂಕಿ ಹಾಳಾಗುತ್ತದೆ ಎಂದು ಸಮಾಧಾನದ ದನಿಯಲ್ಲೇ ಹೇಳಿದರು. ಆ ಮಗುವಿನ ಲೆಕ್ಕ ಕೊನೆಗೆ ಎಲ್ಲಿ ಸೇರಿತೋ ನನಗೆ ಯಾರೂ ಹೇಳಲಿಲ್ಲ.

ಮಾನ್ಯರೇ, ಸಮಾನತೆಯ ಪ್ರಶ್ನೆ ಆರಂಭವಾಗುವುದೇ ಈ ಎಣಿಕೆಯಲ್ಲಿ. ಬಯಲುಸೀಮೆಯಲ್ಲಿ 5,000 ಜನಕ್ಕೆ ಒಂದು ಉಪಕೇಂದ್ರ, ಗುಡ್ಡಗಾಡು ಮತ್ತು ಆದಿವಾಸಿ ಪ್ರದೇಶದಲ್ಲಿ 3,000 ಜನಕ್ಕೆ ಒಂದು ಎಂಬುದು ನಮ್ಮ ದೇಶದ ನಿಯಮ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಹಾಗೆಯೇ, ಅಲ್ಲಿ 30,000, ಇಲ್ಲಿ 20,000. ಎಲ್ಲರಿಗೂ ಒಂದೇ ಅಳತೆಯಲ್ಲಿ ಹಂಚಿದರೆ ಅದು ನ್ಯಾಯವಾಗುವುದಿಲ್ಲ, ಬೆಟ್ಟ ಹತ್ತುವವರಿಗೆ ಹೆಚ್ಚು ಕೊಡಬೇಕು ಎಂಬ ತಿಳಿವಳಿಕೆ ಈ ನಿಯಮದೊಳಗೇ ಇದೆ. ದೊಡ್ಡ ವೇದಿಕೆಗಳಲ್ಲಿ ಆರೋಗ್ಯ ಸಮಾನತೆ ಎಂದು ಕರೆಯುವುದು ಇದನ್ನೇ ಅಲ್ಲವೇ? ಆದರೆ ಆ ಮೂರು ಸಾವಿರ ಯಾರು ಎಂದು ಕೇಳಿದರೆ ನಮ್ಮ ಬಳಿ ಇರುವ ಜನಗಣತಿ 2011ರದು. ಅದರ ಪ್ರಕಾರ ಕೊಡಗಿನ ಜನಸಂಖ್ಯೆ 5,54,519. ಅಂದಿನಿಂದ ಇಂದಿಗೆ ತೋಟಗಳ ದುಡಿಮೆಯ ಮುಖವೇ ಬದಲಾಗಿದೆ. ಆದಿವಾಸಿಗಳಾದ ಪಣಿ ಯರವರೂ ಪಂಜಿರಿ ಯರವರೂ, ಜೊತೆಗೆ ತಮಿಳರೂ ಇದ್ದ ಲೈನ್ ಮನೆಗಳಲ್ಲಿ ಇಂದು ಅಸ್ಸಾಂ, ಬಂಗಾಳದ ಕಡೆಯಿಂದ ಬಂದವರು ತುಂಬಿದ್ದಾರೆ. ಕೊಯ್ಲಿನ ತಿಂಗಳುಗಳಲ್ಲಿ ಒಂದು ಉಪಕೇಂದ್ರದ ವ್ಯಾಪ್ತಿಯ ಜನ ಎಷ್ಟಾಗುತ್ತಾರೆ ಎಂಬುದು ಆ ದಾರಿ ನಡೆದ ನರ್ಸ್‌ಗೆ ಗೊತ್ತಿರುತ್ತದೆಯೇ ಹೊರತು ಮಂಜೂರಾತಿ ಪಟ್ಟಿಗೆ ಗೊತ್ತಿರುವುದಿಲ್ಲ.

ಹೊರಗಿನಿಂದ ಬಂದವರ ಕಥೆ ಮಾತ್ರ ಇದಲ್ಲ. 2016ರ ಡಿಸೆಂಬರಿನಲ್ಲಿ ದಿಡ್ಡಳ್ಳಿಯ ಆದಿವಾಸಿಗಳ ಗುಡಿಸಲುಗಳನ್ನು ತೆರವುಗೊಳಿಸಿದ್ದು ತಮಗೆ ನೆನಪಿರಬಹುದು. ಮುಂದೆ ಅನೇಕ ಕುಟುಂಬಗಳಿಗೆ ಬಸವನಹಳ್ಳಿ, ಬ್ಯಾಡಗೊಟ್ಟಗಳಲ್ಲಿ ಪುನರ್ವಸತಿಯಾಯಿತು. ಆಂದೋಲನ, ಅರಣ್ಯ, ಹಕ್ಕುಪತ್ರಗಳ ಚರ್ಚೆ ಬೇರೆ. ಅದರಲ್ಲಿ ನನ್ನ ಅಭಿಪ್ರಾಯ ಇಲ್ಲಿ ಮುಖ್ಯವಲ್ಲ. ನರ್ಸ್ ಒಬ್ಬಳ ಕಣ್ಣಿನಿಂದ ನೋಡಿದರೆ, ಮನೆ ಕಿತ್ತ ದಿನ ಎರಡನೇ ಡೋಸ್ ಬಾಕಿಯಿದ್ದ ಮಗು, ಮೂರನೇ ತಿಂಗಳ ಕ್ಷಯದ ಮಾತ್ರೆ ನುಂಗುತ್ತಿದ್ದ ಗಂಡಸು, ದಿನ ತುಂಬಿದ ಹೆಂಗಸು ಎಲ್ಲರೂ ಒಂದು ರಿಜಿಸ್ಟರಿನಿಂದ ಹೊರಬೀಳುತ್ತಾರೆ. ಇನ್ನೊಂದು ರಿಜಿಸ್ಟರಿಗೆ ಅವರು ತಾವಾಗಿಯೇ ಸೇರುವುದಿಲ್ಲ. ಯಾರಾದರೂ ಹುಡುಕಿಕೊಂಡು ಹೋಗಿ ಸೇರಿಸಬೇಕು.

ಮುಂದಿನ ಜನಗಣತಿಯ ಉಲ್ಲೇಖ ದಿನ 2027ರ ಮಾರ್ಚ್ 1 ಎಂದು ಕೇಂದ್ರ ಸರ್ಕಾರ ಪ್ರಕಟಿಸಿದೆ. ಎಂದರೆ ಎಣಿಕೆದಾರರು ಬಾಗಿಲು ತಟ್ಟುವುದು ನಮ್ಮಲ್ಲಿ ರೋಬಸ್ಟಾ ಕೊಯ್ಲಿನ ಹೊತ್ತಿನಲ್ಲೇ. ಲೈನ್ ಮನೆಗಳನ್ನು ಸರಿಯಾಗಿ ಎಣಿಸಿದರೆ ಕೊಡಗಿಗೆ ಇಂಥ ಸದವಕಾಶ ಮತ್ತೆ ಸಿಗಲಾರದು. ಹಗಲು ಹತ್ತಕ್ಕೆ ಹೋಗಿ ಬೀಗ ನೋಡಿ ಬಂದರೆ ಇನ್ನು ಹತ್ತು ವರ್ಷ ನಮ್ಮ ಉಪಕೇಂದ್ರಗಳಿಗೆ ಇದೇ ಗತಿ. ಜನಗಣತಿ ತಮ್ಮ ಇಲಾಖೆಯದಲ್ಲ ಎಂಬುದು ನನಗೆ ಗೊತ್ತು. ಆದರೆ ಯಾವ ತೋಟದಲ್ಲಿ ಎಷ್ಟು ಬಾಗಿಲು ಎಂಬ ತಿಳಿವಳಿಕೆ ತಮ್ಮ ಇಲಾಖೆಯ ಎಎನ್‌ಎಂ ಮತ್ತು ಆಶಾ ಕಾರ್ಯಕರ್ತೆಯರ ತಲೆಯಲ್ಲಿದೆ. ಅದನ್ನು ಕೇಳಿ ಪಡೆಯುವಂತೆ ಜಿಲ್ಲಾಡಳಿತಕ್ಕೆ ತಾವು ಬರೆಯಬಹುದು.

ಈಗ ಜಗತ್ತಿನ ಮಾತಿಗೆ ಬರುತ್ತೇನೆ. 1971ರಲ್ಲಿ ಜೂಲಿಯನ್ ಟ್ಯೂಡರ್ ಹಾರ್ಟ್ ಎಂಬ ವೈದ್ಯರು, ವೇಲ್ಸ್‌ನ ಕಲ್ಲಿದ್ದಲು ಗಣಿಯ ಹಳ್ಳಿಯಲ್ಲಿ ಕೆಲಸ ಮಾಡುತ್ತಿದ್ದವರು, ಒಂದು ಮಾತು ಬರೆದರು: ಒಳ್ಳೆಯ ಚಿಕಿತ್ಸೆ ಎಲ್ಲಿ ಹೆಚ್ಚು ಬೇಕೋ ಅಲ್ಲಿಯೇ ಕಡಿಮೆ ಸಿಗುತ್ತದೆ, ಎಲ್ಲಿ ಅಷ್ಟು ಬೇಕಿಲ್ಲವೋ ಅಲ್ಲಿ ಧಾರಾಳವಾಗಿ ಸಿಗುತ್ತದೆ ಎಂದು. ಗಣಿಯ ಹಳ್ಳಿಯನ್ನು ತೆಗೆದು ಕಾಫಿ ತೋಟವನ್ನಿಟ್ಟರೆ ಮಾತು ಬದಲಾಗುವುದಿಲ್ಲ. 1978ರಲ್ಲಿ ಅಲ್ಮಾ ಅಟಾದಲ್ಲಿ ಸೇರಿದ ದೇಶಗಳು 2000ದ ಹೊತ್ತಿಗೆ ಎಲ್ಲರಿಗೂ ಆರೋಗ್ಯ ಎಂದು ಘೋಷಿಸಿದವು. ನಾವು ತರಬೇತಿಯಲ್ಲಿ ಆ ಘೋಷಣೆಯನ್ನು ಬಾಯಿಪಾಠ ಮಾಡಿದವರು. ವಿಶ್ವ ಆರೋಗ್ಯ ಸಂಸ್ಥೆ 2025ರಲ್ಲಿ ಹೊರತಂದ ವರದಿಯ ಪ್ರಕಾರ, ಅತಿ ಹೆಚ್ಚು ಆಯುಸ್ಸಿರುವ ದೇಶಕ್ಕೂ ಅತಿ ಕಡಿಮೆ ಆಯುಸ್ಸಿರುವ ದೇಶಕ್ಕೂ ನಡುವೆ ಇಂದು 33 ವರ್ಷಗಳ ಅಂತರವಿದೆ. 2023ರಲ್ಲಿ ಬಸಿರು ಬಾಣಂತನದ ಕಾರಣಕ್ಕೆ ಜಗತ್ತಿನಲ್ಲಿ ಪ್ರತಿದಿನ 700ಕ್ಕೂ ಹೆಚ್ಚು ಹೆಂಗಸರು ಸತ್ತರು, ಅವರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಂದಿ ಬಡ ಮತ್ತು ಕೆಳಮಧ್ಯಮ ಆದಾಯದ ದೇಶಗಳವರು. ಇಷ್ಟು ದೂರ ಹೋಗುವುದೂ ಬೇಡ. ಮಾಕುಟ್ಟದ ಘಾಟಿ ಇಳಿದರೆ ಕೇರಳ. 2018-20ರ ಲೆಕ್ಕದಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ ಕರ್ನಾಟಕದಲ್ಲಿ 69 ತಾಯಂದಿರು ಸತ್ತರೆ ಕೇರಳದಲ್ಲಿ ಸತ್ತವರು 19. ಒಂದೇ ಬೆಟ್ಟದ ಎರಡು ಇಳಿಜಾರು.

ನರ್ಸ್‌ಗಳು ಎಲ್ಲಿದ್ದಾರೆ ಎಂದು ನೋಡಿದರೂ ಇದೇ ಚಿತ್ರ. ಅದೇ ಸಂಸ್ಥೆಯ 2025ರ ವಿಶ್ವ ಶುಶ್ರೂಷಾ ವರದಿಯಲ್ಲಿ ಜಗತ್ತಿನ ಒಟ್ಟು ನರ್ಸ್‌ಗಳು 2.98 ಕೋಟಿ, ಕೊರತೆ 58 ಲಕ್ಷ ಎಂದಿದೆ. ಇರುವವರಲ್ಲಿ ನೂರಕ್ಕೆ 78 ಮಂದಿ ಜಗತ್ತಿನ ಅರ್ಧದಷ್ಟು ಜನಸಂಖ್ಯೆಯ ದೇಶಗಳಲ್ಲಿದ್ದಾರೆ. ಉಳಿದರ್ಧ ಜಗತ್ತಿಗೆ ಉಳಿದ 22. ಏಳು ನರ್ಸ್‌ಗಳಲ್ಲಿ ಒಬ್ಬಳು ತಾನು ಹುಟ್ಟಿದ ದೇಶದಲ್ಲಿಲ್ಲ. ಆ ಏಳನೆಯವಳನ್ನು ನಾನು ಬಲ್ಲೆ. ನಮ್ಮ ಪಕ್ಕದ ಮನೆಯ ಹುಡುಗಿ ಮಂಗಳೂರಿನಲ್ಲಿ ಬಿಎಸ್ಸಿ ನರ್ಸಿಂಗ್ ಓದಿ, ಎರಡು ವರ್ಷ ಬೆಂಗಳೂರಿನಲ್ಲಿ ದುಡಿದು, ಕೊಲ್ಲಿ ರಾಷ್ಟ್ರವೊಂದಕ್ಕೆ ಹೋಗಿ, ಈಗ ಐರ್ಲೆಂಡಿನ ವೃದ್ಧಾಶ್ರಮದಲ್ಲಿದ್ದಾಳೆ. ಅವಳು ಕಳಿಸಿದ ಹಣದಿಂದ ಅವಳ ಅಪ್ಪನ ಹೃದಯದ ಶಸ್ತ್ರಚಿಕಿತ್ಸೆ ಆಯಿತು, ತಂಗಿಯ ಮದುವೆ ಆಯಿತು. ಅವಳನ್ನು ದೂರುವವರ ಮುಖ ನೋಡಲು ನನಗಿಷ್ಟವಿಲ್ಲ. ಅವಳು ಇಲ್ಲಿಯೇ ಇರಲು ಪ್ರಯತ್ನಿಸಿದ್ದಳು. ಜಿಲ್ಲೆಯಲ್ಲಿ ಅವಳಿಗೆ ಸಿಕ್ಕದ್ದು ಹನ್ನೊಂದು ತಿಂಗಳ ಗುತ್ತಿಗೆ.

ಆದರೆ ಆ ಸರಪಳಿಯನ್ನು ಹಿಂದಕ್ಕೆ ಹಿಡಿದು ಬನ್ನಿ. ಶ್ರೀಮಂತ ದೇಶದ ಖಾಲಿ ಹುದ್ದೆಯನ್ನು ಕೊಲ್ಲಿಯಿಂದ ತುಂಬಿದರು, ಕೊಲ್ಲಿಯದನ್ನು ಬೆಂಗಳೂರಿನಿಂದ, ಬೆಂಗಳೂರಿನದನ್ನು ಜಿಲ್ಲೆಗಳಿಂದ. ಜಿಲ್ಲಾ ಕೇಂದ್ರದ ಕೊರತೆಯನ್ನು ತುಂಬಲು ನಿಯೋಜನೆ ಎಂಬ ಹೆಸರಿನಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದವರನ್ನು ಕರೆಸಿಕೊಂಡರು. ಸಂಬಳ ಕಾಡಂಚಿನ ಕೇಂದ್ರದಲ್ಲಿ, ಕೆಲಸ ಪಟ್ಟಣದಲ್ಲಿ. ಕಾಗದದ ಮೇಲೆ ಹುದ್ದೆ ಭರ್ತಿ. ಸರಪಳಿಯ ಕೊನೆಯ ಕೊಂಡಿ ಹಾಡಿಯ ಬಾಗಿಲು, ಅಲ್ಲಿಗೆ ತುಂಬಲು ಹಿಂದೆ ಯಾರೂ ಉಳಿದಿಲ್ಲ. 2010ರಲ್ಲಿ ವಿಶ್ವ ಆರೋಗ್ಯ ಸಭೆಯು ಆರೋಗ್ಯ ಸಿಬ್ಬಂದಿಯ ಅಂತರರಾಷ್ಟ್ರೀಯ ನೇಮಕಾತಿಗೆ ಒಂದು ನೀತಿಸಂಹಿತೆ ಮಾಡಿತು. ಕೊರತೆಯಿರುವ ಬಡ ದೇಶಗಳಿಂದ ಆಕ್ರಮಣಕಾರಿಯಾಗಿ ಜನರನ್ನು ಸೆಳೆಯಬಾರದು ಎಂಬುದು ಅದರ ತಿರುಳು. ಪಾಲಿಸಲೇಬೇಕೆಂಬ ಕಾನೂನುಬಲ ಅದಕ್ಕಿಲ್ಲ. ಐರ್ಲೆಂಡಿನ ಮೇಲೆ ತಮಗೂ ಅಧಿಕಾರವಿಲ್ಲ. ನಿಯೋಜನೆಯ ಆದೇಶದ ಮೇಲೆ ಇದೆ. ಹೊರದೇಶಗಳಿಗೆ ಅತಿ ಹೆಚ್ಚು ನರ್ಸ್‌ಗಳನ್ನು ಕಳಿಸುವ ಕೇರಳವೇ ತನ್ನ ತಾಯಂದಿರನ್ನು ನಮಗಿಂತ ಚೆನ್ನಾಗಿ ಕಾಪಾಡಿಕೊಂಡಿದೆ ಎಂದಮೇಲೆ, ವಿದೇಶಕ್ಕೆ ಹೋದವರನ್ನು ತೋರಿಸಿ ನಾವು ಕೈ ತೊಳೆದುಕೊಳ್ಳುವಂತಿಲ್ಲ.

ಒಬ್ಬ ನರ್ಸ್ ಒಂದೇ ಕಡೆ ಹಲವು ವರ್ಷ ನೆಲೆ ನಿಂತರೆ ಏನಾಗುತ್ತದೆ ಎಂಬುದಕ್ಕೆ ನಾನು ಕಂಡದ್ದೊಂದನ್ನು ಹೇಳುತ್ತೇನೆ. 2018ರ ಆಗಸ್ಟಿನಲ್ಲಿ ಬೆಟ್ಟ ಜರಿದಾಗ ನನ್ನನ್ನು ಸುಂಟಿಕೊಪ್ಪದ ಕಡೆಯ ಒಂದು ಪರಿಹಾರ ಶಿಬಿರಕ್ಕೆ ಕಳಿಸಿದ್ದರು. ಮಕ್ಕಂದೂರು, ಹಟ್ಟಿಹೊಳೆ, ಮುಕ್ಕೋಡ್ಲುಗಳ ಕಡೆಯಿಂದ ಜನ ಉಟ್ಟ ಬಟ್ಟೆಯಲ್ಲಿ ಬಂದಿದ್ದರು. ಔಷಧಿಗೆ ಕೊರತೆಯಿರಲಿಲ್ಲ, ನಾಡಿನ ಎಲ್ಲ ಕಡೆಯಿಂದ ಪೆಟ್ಟಿಗೆಗಟ್ಟಲೆ ಬಂದು ಬಿದ್ದಿತ್ತು. ಕೊರತೆಯಿದ್ದದ್ದು ಯಾರಿಗೆ ಯಾವುದು ಎಂಬ ತಿಳಿವಳಿಕೆಗೆ. ವಯಸ್ಸಾದವರನ್ನು ಕೇಳಿದರೆ ಬಿಳಿ ಮಾತ್ರೆ ಒಂದು, ಹಳದಿ ಅರ್ಧ ಎನ್ನುತ್ತಿದ್ದರು. ಆಗ ಆ ಭಾಗದ ಎಎನ್‌ಎಂ, ತನ್ನ ಮನೆಯೇ ಕೆಸರಿನೊಳಗೆ ಹೋಗಿದ್ದವಳು, ಶಿಬಿರದ ಚಾಪೆಯ ಮೇಲೆ ಕುಳಿತು ನೋಟ್‌ಬುಕ್ಕಿನಲ್ಲಿ ನೆನಪಿನಿಂದಲೇ ಬರೆಯತೊಡಗಿದಳು. ಈ ಅಜ್ಜನಿಗೆ ಸಕ್ಕರೆ, ಇಂಥ ಮಾತ್ರೆ, ದಿನಕ್ಕೆ ಎರಡು. ಈ ಅಕ್ಕನಿಗೆ ಬಿಪಿ, ಹೋದ ತಿಂಗಳು ಬದಲಾಯಿಸಿದ್ದು. ಆ ಹುಡುಗನಿಗೆ ಫಿಟ್ಸ್, ಒಂದು ಹೊತ್ತೂ ತಪ್ಪಬಾರದು. ಎರಡು ದಿನದಲ್ಲಿ ಹತ್ತಿರ ಹತ್ತಿರ ನೂರು ಮಂದಿಯ ಪಟ್ಟಿ ಆಯಿತು. ಮೈಸೂರಿನಿಂದ ಬಂದಿದ್ದ ತರುಣ ವೈದ್ಯರು ಅವಳ ಪಟ್ಟಿಯನ್ನು ಎದುರಿಗಿಟ್ಟುಕೊಂಡೇ ಚೀಟಿ ಬರೆದರು. ಆ ತಿಳಿವಳಿಕೆ ಯಾವ ಕಂಪ್ಯೂಟರಿನಲ್ಲೂ ಇರಲಿಲ್ಲ. ಇದ್ದಿದ್ದರೂ ಆ ವಾರ ಕರೆಂಟೇ ಇರಲಿಲ್ಲ. ಹನ್ನೆರಡು ವರ್ಷ ಅದೇ ದಾರಿಯಲ್ಲಿ ನಡೆದದ್ದರ ಫಲ ಅದು. ಹನ್ನೊಂದು ತಿಂಗಳ ಗುತ್ತಿಗೆಯಲ್ಲಿ ಅಂಥ ನೆನಪು ಬೆಳೆಯುವುದಿಲ್ಲ.

ಕ್ಷಯದ ವಿಷಯವೂ ಹೀಗೆಯೇ. ಜಗತ್ತಿನ ಕ್ಷಯರೋಗಿಗಳಲ್ಲಿ ಕಾಲುಭಾಗದಷ್ಟು ನಮ್ಮ ದೇಶದವರು. ಹೊಗೆ ತುಂಬಿದ, ಕಿಟಕಿಯಿಲ್ಲದ, ಒಂದು ಕೋಣೆಯಲ್ಲಿ ಆರು ಮಂದಿ ಮಲಗುವ ಲೈನ್ ಮನೆಯಲ್ಲಿ ಅದು ಹರಡುವುದಕ್ಕೆ ಬೇರೆ ಕಾರಣ ಬೇಕಿಲ್ಲ. ಮಾತ್ರೆ ಉಚಿತ, ಕಫ ಪರೀಕ್ಷೆ ಉಚಿತ, ಪೌಷ್ಟಿಕ ಆಹಾರಕ್ಕೆ ಖಾತೆಗೆ ಹಣ. ಇಷ್ಟೆಲ್ಲ ಇದ್ದೂ ಆರು ತಿಂಗಳ ಚಿಕಿತ್ಸೆ ಮೂರನೇ ತಿಂಗಳಲ್ಲಿ ಮುರಿಯುವುದು ಕೊಯ್ಲು ಮುಗಿದು ರೋಗಿ ಬೇರೆ ತೋಟಕ್ಕೆ ಹೋದಾಗ. ನಾನು ಮೇಸ್ತ್ರಿಗಳ ಫೋನ್ ನಂಬರುಗಳನ್ನು ರಿಜಿಸ್ಟರಿನ ಕೊನೆಯ ಹಾಳೆಯಲ್ಲಿ ಬರೆದಿಟ್ಟುಕೊಂಡಿದ್ದೆ. ಯಾವ ಸುತ್ತೋಲೆಯೂ ಹಾಗೆ ಮಾಡೆಂದು ಹೇಳಿರಲಿಲ್ಲ. ರೋಗಿ ಎಲ್ಲಿಗೆ ಹೋದ ಎಂದು ಮೇಸ್ತ್ರಿಯನ್ನು ಕೇಳಿ, ಅಲ್ಲಿಯ ಸಿಸ್ಟರಿಗೆ ಫೋನ್ ಮಾಡಿ, ನಾಳೆ ಹೋಗಿ ನೋಡು ಮಾರಾಯ್ತಿ ಎಂದು ಹೇಳುವುದೇ ನಮ್ಮ ವ್ಯವಸ್ಥೆಯಾಗಿತ್ತು.

ಇನ್ನು ಕುಡಗೋಲು ಕಣ ರೋಗ, ಅಂದರೆ ಸಿಕಲ್ ಸೆಲ್ ರಕ್ತಹೀನತೆ. 2047ರೊಳಗೆ ಅದನ್ನು ಇಲ್ಲವಾಗಿಸುವ ರಾಷ್ಟ್ರೀಯ ಅಭಿಯಾನ 2023ರ ಜುಲೈನಲ್ಲಿ ಆರಂಭವಾಯಿತು, ಅದರ ಹದಿನೇಳು ರಾಜ್ಯಗಳಲ್ಲಿ ನಮ್ಮದೂ ಸೇರಿದೆ. ಅದೇ ವರ್ಷದ ನವೆಂಬರಿನಲ್ಲಿ ಬಂದ ಅತಿ ದುರ್ಬಲ ಆದಿವಾಸಿ ಗುಂಪುಗಳಿಗಾಗಿನ ಪಿಎಂ ಜನ್‌ಮನ್ ಎಂಬ ಕೇಂದ್ರ ಯೋಜನೆಯಲ್ಲಿ ಜೇನುಕುರುಬರಿಗಾಗಿ ಸಂಚಾರಿ ವೈದ್ಯಕೀಯ ಘಟಕಗಳ ಮಾತಿದೆ. ಒಳ್ಳೆಯದೇ. ಬೆರಳು ಚುಚ್ಚಿ ರಕ್ತ ತೆಗೆದು ಕಾರ್ಡು ಕೊಡಲು ಒಂದು ದಿನ ಸಾಕು. ಆ ಕಾರ್ಡಿನ ಅರ್ಥವೇನು, ರೋಗದ ಅಂಶವನ್ನು ಹೊತ್ತಿರುವುದಕ್ಕೂ ರೋಗವೇ ಇರುವುದಕ್ಕೂ ಏನು ವ್ಯತ್ಯಾಸ, ಇಬ್ಬರೂ ಅಂಶ ಹೊತ್ತವರು ಮದುವೆಯಾದರೆ ಮಕ್ಕಳಿಗೆ ಏನಾಗಬಹುದು ಎಂಬುದನ್ನು ಹೆದರಿಸದೆ, ಅವಮಾನಿಸದೆ, ಅವರ ಮಾತಿನಲ್ಲಿ ಹೇಳುವುದಕ್ಕೆ ವಾಹನ ಬಂದು ಹೋದರೆ ಸಾಲದು. ಯರವರ ಭಾಷೆ ಕಲಿಯಲು ನನಗೆ ನಾಲ್ಕು ವರ್ಷ ಹಿಡಿಯಿತು, ಅದೂ ಪೂರ್ತಿ ಬರಲಿಲ್ಲ. ನಾನು ತಪ್ಪಾಗಿ ಮಾತಾಡಿದಾಗ ಹಾಡಿಯ ಹೆಂಗಸರು ನಗುತ್ತಿದ್ದರು. ಹಾಗೆ ನಗುವಷ್ಟು ಸಲಿಗೆ ಬಂದ ಮೇಲೆಯೇ ಅವರು ಹೆರಿಗೆಗೆ ಆಸ್ಪತ್ರೆಗೆ ಬರಲು ಒಪ್ಪಿದ್ದು.

ಇಷ್ಟು ತಿಳಿದವಳಿಗೆ ಇಲಾಖೆಯಲ್ಲಿ ಇರುವ ಮಾತು ಎಷ್ಟು? ನನ್ನ ಸೇವೆಯಲ್ಲಿ ನೂರಾರು ಮಾಸಿಕ ಸಭೆಗಳಿಗೆ ಹೋಗಿದ್ದೇನೆ. ಗುರಿ ಎಷ್ಟು, ಸಾಧನೆ ಎಷ್ಟು, ಏಕೆ ಕಡಿಮೆ ಎಂದು ನಿಲ್ಲಿಸಿ ಕೇಳಿದ್ದಾರೆ. ಈ ಗುರಿ ನಿಮ್ಮ ಊರಿಗೆ ಹೊಂದುತ್ತದೆಯೇ ಎಂದು ಕೂರಿಸಿ ಕೇಳಿದ್ದು ನೆನಪಿಲ್ಲ. ಸಮಾರಂಭಗಳಲ್ಲಿ ನೈಟಿಂಗೇಲರ ಕೈಗೆ ದೀಪವನ್ನಷ್ಟೇ ಕೊಡುತ್ತೇವೆ. ಅವರು ಲಂಡನ್ನಿನ ಸಂಖ್ಯಾಶಾಸ್ತ್ರ ಸಂಘಕ್ಕೆ ಆಯ್ಕೆಯಾದ ಮೊದಲ ಮಹಿಳೆಯೂ ಹೌದು. ಸೈನಿಕರು ಗಾಯಕ್ಕಿಂತ ಹೆಚ್ಚಾಗಿ ಕೊಳಕಿನಿಂದ ಬರುವ ರೋಗಗಳಿಗೆ ಸಾಯುತ್ತಿದ್ದಾರೆಂದು ಅಂಕಿ ಹಾಕಿ ಸರ್ಕಾರಕ್ಕೆ ತೋರಿಸಿದವರು. ನಮ್ಮಿಂದಲೂ ಅಂಕಿ ತೆಗೆದುಕೊಳ್ಳುತ್ತಾರೆ, ಆದರೆ ಅದರ ಅರ್ಥ ಹೇಳುವ ಕೆಲಸ ಬೇರೆಯವರದು. ಅಂಕಿ ತುಂಬುವುದೇ ಒಂದು ನೌಕರಿಯಾಗಿಬಿಟ್ಟಿದೆ. ಗರ್ಭಿಣಿಯರಿಗೆ ಒಂದು ಪೋರ್ಟಲ್, ಲಸಿಕೆಗೆ ಒಂದು, ಕ್ಷಯಕ್ಕೆ ಒಂದು, ಬಿಪಿ ಸಕ್ಕರೆಗೆ ಇನ್ನೊಂದು. ನೆಟ್‌ವರ್ಕ್ ಇಲ್ಲದ ಊರಿನಲ್ಲಿ ಹಗಲು ನಡೆದು, ರಾತ್ರಿ ಸಿಗ್ನಲ್ ಹುಡುಕಿ, ಅದೇ ಹೆಸರನ್ನು ನಾಲ್ಕು ಕಡೆ ಬರೆಯುತ್ತಾ ಕೂತ ಹುಡುಗಿಯರನ್ನು ನೋಡಿದ್ದೇನೆ. ಆಶಾ ಕಾರ್ಯಕರ್ತೆಯರ ಸ್ಥಿತಿ ಇನ್ನೂ ವಿಚಿತ್ರ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅವರಿಗೆ ಜಾಗತಿಕ ಆರೋಗ್ಯ ನಾಯಕರೆಂದು ಪ್ರಶಸ್ತಿ ಕೊಟ್ಟಿತು, ನಮ್ಮಲ್ಲಿ ಅವರು ಇಂದಿಗೂ ಗೌರವಧನ ಪಡೆಯುವ ಸ್ವಯಂಸೇವಕಿಯರು.

ತಾವು ಕೇಳಬಹುದು: ಹಾಗಾದರೆ ಮಾಡಬೇಕಾದದ್ದೇನು? ದೊಡ್ಡ ಆಸ್ಪತ್ರೆ ಬೇಡವೆಂದು ನಾನು ಹೇಳುತ್ತಿಲ್ಲ. ಆ ಬೇಡಿಕೆಗೆ ಕೊಡಗಿನಲ್ಲಿ ಬೇಕಾದಷ್ಟು ದನಿಗಳಿವೆ, ಅವುಗಳಲ್ಲಿ ನನ್ನದೂ ಒಂದು. ನಾನು ಕೇಳುವುದು ಅದಕ್ಕಿಂತ ಅಗ್ಗದ್ದು. ಉಪಕೇಂದ್ರಗಳನ್ನು ಮಂಜೂರು ಮಾಡುವಾಗ ತಲೆಗಳ ಜೊತೆಗೆ ನಡಿಗೆಯ ಗಂಟೆಗಳನ್ನೂ ಲೆಕ್ಕ ಹಾಕಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊಳೆ ದಾಟಲಾಗದ ಊರುಗಳ ಪಟ್ಟಿ ಪ್ರತಿಯೊಬ್ಬ ಎಎನ್‌ಎಂ ಬಳಿಯೂ ಇದೆ. ಕೊಯ್ಲಿನ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ತೋಟಗಳ ಪ್ರದೇಶಕ್ಕೆ ಹೆಚ್ಚುವರಿ ನರ್ಸ್‌ಗಳನ್ನು ಕಳಿಸಿ, ಪಟ್ಟಣದಿಂದ ತೋಟದ ಕಡೆಗೂ ನಿಯೋಜನೆ ಸಾಧ್ಯವೆಂದು ಒಮ್ಮೆ ತೋರಿಸಿ. ತಾಯಿ ಕಾರ್ಡನ್ನು ವಿಳಾಸ ಕೇಳದೆ ಸಿಕ್ಕಲ್ಲಿಯೇ ಕೊಡುವಂತೆ, ಸಾವು ಸಂಭವಿಸಿದರೆ ಅದನ್ನು ಬರೆದ ಉಪಕೇಂದ್ರಕ್ಕೆ ಶಿಕ್ಷೆಯಾಗದಂತೆ ಸ್ಪಷ್ಟ ಆದೇಶ ಹೊರಡಿಸಿ. ಇದಕ್ಕೆ ಒಂದು ಹಾಳೆ ಕಾಗದ ಸಾಕು. 1951ರ ತೋಟ ಕಾರ್ಮಿಕರ ಕಾಯ್ದೆಯು ಕಾರ್ಮಿಕರಿಗೆ ವಸತಿ, ವೈದ್ಯಕೀಯ ಸೌಲಭ್ಯಗಳ ಹೊಣೆಯನ್ನು ತೋಟದ ಮಾಲೀಕರ ಮೇಲಿಟ್ಟಿತ್ತು, ಆದರೆ ಐದು ಹೆಕ್ಟೇರಿಗಿಂತ ಚಿಕ್ಕ ತೋಟಗಳು ಅದರ ಹೊರಗಿದ್ದವು, ಕೊಡಗಿನ ಬೆಳೆಗಾರರಲ್ಲಿ ಬಹುಪಾಲು ಸಣ್ಣವರೇ. ನಾಲ್ಕೆಕರೆ ಬೆಳೆಗಾರನೊಬ್ಬ ಒಂಟಿಯಾಗಿ ದವಾಖಾನೆ ನಡೆಸಲಾರ. ಹತ್ತು ತೋಟಗಳು ಸೇರಿ ಒಂದು ಜಾಗ ಬಿಟ್ಟುಕೊಟ್ಟರೆ, ವಾರಕ್ಕೊಮ್ಮೆ ಸಂಜೆ ಕೂಲಿ ಮುಗಿದ ಮೇಲೆ ಅಲ್ಲಿ ನರ್ಸ್ ಒಬ್ಬಳು ಕೂರುವ ವ್ಯವಸ್ಥೆಯನ್ನು ಸರ್ಕಾರ ಮಾಡಬಹುದು.

ಸಂಜೆ ಎಂದೆ. ಸಂಜೆ ಎಂದರೆ ನಮ್ಮಲ್ಲಿ ಆನೆ. ಐದೂವರೆಯ ಬಳಿಕ ತೋಟದ ದಾರಿಯಲ್ಲಿ ಒಬ್ಬಳೇ ನಡೆಯುವ ಧೈರ್ಯ ಗಂಡಸರಿಗೂ ಇಲ್ಲ. ಆದ್ದರಿಂದ ಆ ನರ್ಸ್‌ಗೆ ವಾಹನ ಬೇಕು, ಉಪಕೇಂದ್ರದ ಪಕ್ಕದಲ್ಲಿ ಸೋರದ ವಸತಿಗೃಹ ಬೇಕು, ಅದರಲ್ಲಿ ಬಾಗಿಲಿರುವ ಶೌಚಾಲಯ ಬೇಕು. ನಾನು ಮೊದಲು ವಾಸವಿದ್ದ ಕ್ವಾರ್ಟರ್ಸಿನಲ್ಲಿ ಕಕ್ಕಡ ತಿಂಗಳ ಮಳೆಗೆ ಹಾಸಿಗೆಯನ್ನು ರಾತ್ರಿ ಮೂರು ಸಲ ಸರಿಸಬೇಕಾಗುತ್ತಿತ್ತು. ಅಲ್ಲಿ ನನ್ನ ನಂತರ ಬಂದವಳು ಒಂದೇ ಮಳೆಗಾಲಕ್ಕೆ ವರ್ಗ ಮಾಡಿಸಿಕೊಂಡು ಹೋದಳು. ಅವಳಿಗೆ ಸೇವಾಮನೋಭಾವ ಇರಲಿಲ್ಲ ಎಂದರು. ಹೆರಿಗೆಯ ವಿಷಯದಲ್ಲಿ ನರ್ಸ್‌ಗಳಿಗೆ ಹೆಚ್ಚಿನ ತರಬೇತಿ ಕೊಟ್ಟು ಸ್ವತಂತ್ರವಾಗಿ ನಿಭಾಯಿಸುವ ಅಧಿಕಾರ ಕೊಡಬೇಕೆಂದು ಕೇಂದ್ರ ಸರ್ಕಾರವೇ 2018ರ ಡಿಸೆಂಬರಿನಲ್ಲಿ ಸೂಲಗಿತ್ತಿ ಸೇವೆಗಳ ಮಾರ್ಗಸೂಚಿ ಹೊರಡಿಸಿದೆ. ಹದಿನೆಂಟು ತಿಂಗಳ ಆ ತರಬೇತಿ ಪಡೆದವರನ್ನು ಬೆಂಗಳೂರಿನಲ್ಲಿ ಇಟ್ಟುಕೊಳ್ಳದೆ, ಆಸ್ಪತ್ರೆ ದೂರವಿರುವ ಕೊಡಗಿನಂಥ ಜಿಲ್ಲೆಗೆ ಮೊದಲು ಕಳಿಸಬೇಕು.

ಎಲ್ಲಕ್ಕಿಂತ ಹೆಚ್ಚಾಗಿ ನನ್ನ ಮನಸ್ಸಿನಲ್ಲಿರುವುದು ಹಾಡಿಯ ಹುಡುಗಿಯರು. ಪಿಯುಸಿ ಮುಗಿಸಿದ ಜೇನುಕುರುಬರ, ಯರವರ ಹುಡುಗಿಯರು ಇಂದು ಇದ್ದಾರೆ, ನಾನು ಸೇವೆಗೆ ಸೇರಿದಾಗ ಇರಲಿಲ್ಲ. ಪರಿಶಿಷ್ಟ ಪಂಗಡದ ಮೀಸಲಾತಿ ಇದೆಯಲ್ಲ ಎಂದರೆ, ಆ ಪಂಗಡದೊಳಗಿನ ದೊಡ್ಡ ಸಮುದಾಯಗಳೊಂದಿಗೆ ಅಂಕಗಳಲ್ಲಿ ಸ್ಪರ್ಧಿಸಿ ಇವರು ಸೀಟು ಪಡೆಯುವುದು ಕಷ್ಟ. ದೇಶದಲ್ಲಿ ಅತಿ ಹೆಚ್ಚು ನರ್ಸಿಂಗ್ ಕಾಲೇಜುಗಳಿರುವ ರಾಜ್ಯಗಳಲ್ಲಿ ನಮ್ಮದೊಂದು. ಅಷ್ಟರಲ್ಲಿ ವರ್ಷಕ್ಕೆ ಹತ್ತು ಸೀಟುಗಳನ್ನು ಕೊಡಗಿನ ಹಾಡಿಗಳಿಗೆಂದೇ ಇಟ್ಟು, ಹಾಸ್ಟೆಲ್ ಕೊಟ್ಟು, ಇಂಗ್ಲಿಷಿನ ಪಾಠಗಳಿಗೆ ಕೈಹಿಡಿಯುವ ಒಬ್ಬ ಟ್ಯೂಟರನ್ನು ಕೊಟ್ಟು, ಮುಗಿಸಿದ ಮೇಲೆ ಅವರ ಊರಿನ ಉಪಕೇಂದ್ರದಲ್ಲೇ ಖಾಯಂ ಹುದ್ದೆ ಕೊಡಿ. ಅವರಿಗೆ ಭಾಷೆ ಕಲಿಯಲು ನಾಲ್ಕು ವರ್ಷ ಬೇಕಾಗುವುದಿಲ್ಲ. ವರ್ಗ ಮಾಡಿಸಿಕೊಂಡು ಹೋಗಬೇಕೆಂದರೂ ಅವರ ಮನೆ ಅಲ್ಲೇ ಇರುತ್ತದೆ.

ಈ ಪತ್ರಕ್ಕೆ ಉತ್ತರವಾಗಿ ತಾವು ಸಮಿತಿ ರಚಿಸುವುದಾದರೆ ಅದರಲ್ಲಿ ಕನಿಷ್ಠ ಇಬ್ಬರು ಸೇವೆಯಲ್ಲಿರುವ ಎಎನ್‌ಎಂಗಳು ಇರಲಿ. ಸಭೆಗೆ ಬರಲು ಅವರಿಗೆ ಪ್ರಯಾಣಭತ್ಯೆಯೂ ಇರಲಿ. ಸಮಿತಿಗೂ ಮೊದಲು ತಾವೇ ಒಮ್ಮೆ ಬರುವುದಾದರೆ ಇನ್ನೂ ಒಳ್ಳೆಯದು. ಬರುವುದಾದರೆ ಜನವರಿಯಲ್ಲಿ ಬನ್ನಿ, ಲಸಿಕೆಯ ದಿನವಾದ ಗುರುವಾರ ಬನ್ನಿ. ಬೆಳಿಗ್ಗೆ ಏಳರೊಳಗೆ ಲೈನ್ ಮನೆಯ ಮುಂದೆ ಇರಬೇಕು. ಏಳೂವರೆಗೆ ಜೀಪು ಬಂದು ಎಲ್ಲರನ್ನೂ ಹತ್ತಿಸಿಕೊಂಡು ಹೋಗುತ್ತದೆ, ಎಂಟರ ಬಳಿಕ ಬಂದವರಿಗೆ ಅಲ್ಲಿ ಬೀಗ ಹಾಕಿದ ಆರು ಬಾಗಿಲುಗಳೂ ಕಟ್ಟಿಹಾಕಿದ ಒಂದು ನಾಯಿಯೂ ಮಾತ್ರ ಸಿಗುತ್ತವೆ. ದಾರಿ ತೋರಿಸಲು ನಾನು ಬರುತ್ತೇನೆ.

ತಮ್ಮ ವಿಶ್ವಾಸಿ,
ನಿವೃತ್ತ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ
ಪೊನ್ನಂಪೇಟೆ ತಾಲ್ಲೂಕು, ಕೊಡಗು